ಆಂಬ್ರೋಸ್ ಮಾವನಿಗೆ ಸಮಾಧಿಯಿಲ್ಲ

ರೆಡ್ ಲಯನ್ ಚೌಕ, ಲಂಡನ್
ಮಾರ್ಚ್ ೧೧, ೧೮೯೩

ಪ್ರೀತಿಯ ಪಿಪ್ಪ,

ನಿನ್ನ ಕಾಗದ ಬಂದು ನಾಲ್ಕು ತಿಂಗಳು ಕಳೆದವು. ಬೈದುಕೋ, ಬಾಯಿತುಂಬ ಬೈದುಕೋ, ತಪ್ಪು ನನ್ನದೇ. ಮೊದಲು ಕೆಮ್ಮಿನ ನೆಪ ಹೇಳೋಣವೆಂದುಕೊಂಡೆ, ಆ ಕೆಮ್ಮು ಕ್ರಿಸ್ಮಸ್ಸಿಗೆ ಮುಂಚೆಯೇ ವಾಸಿಯಾಗಿಹೋಯಿತು. ಆಮೇಲೆ ಕಣ್ಣಿನ ನೆಪ. ವೈದ್ಯ ಮಹಾಶಯ ಹೊಸ ಕನ್ನಡಕ ಕೊಟ್ಟು ಅದನ್ನೂ ಕಿತ್ತುಕೊಂಡ. ನೆಪಗಳೆಲ್ಲ ಖಾಲಿಯಾದ ಮೇಲೆ ಇವತ್ತು ಬೆಳಿಗ್ಗೆ ಟೀ ಮುಗಿಸಿ, ಮಧ್ಯಾಹ್ನದವರೆಗೆ ನನ್ನ ತಂಟೆಗೆ ಬರಬೇಡಿ ಎಂದು ಮನೆಯೊಡತಿಗೆ ಹೇಳಿ ಮೇಜಿನ ಮುಂದೆ ಕೂತಿದ್ದೇನೆ. ಆಕೆ, "ಏನ್ರೀ ಮಿಸ್ ಫೆನ್, ಉಯಿಲು ಬರೀತಿದೀರಾ?" ಎಂದಳು. ಹೆಚ್ಚುಕಡಿಮೆ ಹಾಗೇ ಎಂದೆ.

ನಿನ್ನ ಮಂಡಿನೋವು ಹೇಗಿದೆ? ಮಗಳು ಎಲಿನರ್‌ಳ ಹೆರಿಗೆ ಸಲೀಸಾಗಿ ಆಯಿತೇ? ಗಂಡುಮಗುವಾಗಿದ್ದರೆ ಅಜ್ಜನ ಹಾಗೆ ಸೆಪ್ಟಿಮಸ್ ಎಂದೇ ಹೆಸರಿಟ್ಟಿರುತ್ತೀರಿ, ನನಗೆ ಗೊತ್ತು. ಅಕ್ಟೋಬರಿನಲ್ಲಿ ನಿನ್ನ ಗಂಡನನ್ನು ಮಣ್ಣುಮಾಡಿ ಬಂದ ಮೇಲೆ ನೀನು ಅವನ ಕೋಟಿನ ಜೇಬಿಗೆ ಕೈ ಹಾಕಿ ಒಂದಿಷ್ಟು ಟರ್ನಿಪ್ ಬೀಜ ತೆಗೆದು ನನಗೆ ತೋರಿಸಿದೆಯಲ್ಲ, "ನೋಡೇ ಡ್ರೂ, ಚರ್ಚಿಗೆ ಹಾಕ್ಕೊಂಡು ಹೋಗೋ ಕೋಟಲ್ಲೂ ವ್ಯಾಪಾರ" ಅಂತ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಒಳ್ಳೆಯ ಮನುಷ್ಯ ಪಿಪ್ಪ. ಇಪ್ಪತ್ತೇಳು ವರ್ಷದಲ್ಲಿ ಅವನು ನನ್ನ ಹತ್ತಿರ ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಹಾಳೆ ತುಂಬಲಿಕ್ಕಿಲ್ಲ. ಆದರೆ ಪ್ರತಿ ಆಗಸ್ಟಿನಲ್ಲೂ ನಾನು ನಿಮ್ಮಲ್ಲಿಗೆ ಬಂದಾಗ ನಿಲ್ದಾಣದಲ್ಲಿ ಗಾಡಿ ಹಿಡಿದು ಅವನೇ ನಿಂತಿರುತ್ತಿದ್ದ.

ಇನ್ನು ನೀನು ಕೇಳಿದ ವಿಷಯ. ನಿನ್ನ ಕಾಗದದ ಆ ಭಾಗ ನನಗೆ ಬಾಯಿಪಾಠವಾಗಿದೆ. "ಡ್ರೂ, ನಿನಗೂ ಹೇಳದ ಒಂದು ಗುಟ್ಟಿದೆ. ಲ್ಯೂಕ್ ಹೆಸ್ಲಪ್ ನ್ಯೂಜಿಲೆಂಡಿಗೆ ಹೋಗಿ, ಮೊದಮೊದಲು ಬರೆದೋನು ಆಮೇಲೆ ಎರಡು ವರ್ಷ ಒಂದು ಕಾಗದಾನೂ ಹಾಕದೆ ಇದ್ದಾಗ, ಇತ್ತ ಸೆಪ್ಟಿಮಸ್ ಕೇಳೋಕೆ ಶುರುಮಾಡಿದಾಗ, ನಾನು ನಿಮ್ಮ ಮಾಸಿಕದ ಆಂಬ್ರೋಸ್ ಮಾವನಿಗೆ ಬರೆದು ಕೇಳಿದ್ದೆ. ಕಾಯಬೇಡ ಅಂತ ಅವರು ಉತ್ತರ ಕೊಟ್ರು. ಹಾಗೇ ನಡಕೊಂಡೆ. ಲ್ಯೂಕ್ ನನ್ನನ್ನ ಮರೆತುಬಿಟ್ಟ ಅನ್ನೋದು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತೆ ಕಣೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದೋರು ಅವರೊಬ್ಬರೇ. ಮೇ ತಿಂಗಳಲ್ಲಿ ಲಂಡನ್ನಿಗೆ ಬರ್ತೀನಿ. ಆ ಪುಣ್ಯಾತ್ಮ ಈಗ ಬದುಕಿರಲಿಕ್ಕಿಲ್ಲ. ಅವರ ನಿಜವಾದ ಹೆಸರೇನು, ಯಾವ ಚರ್ಚಿನ ಅಂಗಳದಲ್ಲಿ ಮಲಗಿದಾರೆ, ನೀನು ಅದೇ ಆಫೀಸಲ್ಲಿ ಇದ್ದೋಳು, ವಿಚಾರಿಸಿ ಇಡು. ಒಂದು ಹಿಡಿ ಹೂ ಇಟ್ಟು ಬರ್ತೀನಿ."

ಹೂ ಇಡುತ್ತಾಳಂತೆ!

ನಿನಗೆ ನೆನಪಿದೆಯೇ, ಲೌತ್‌ನಲ್ಲಿ ನಿಮ್ಮಪ್ಪನ ಮನೆಗೆ ಫಾರಿಂಗ್‌ಡನ್ ಮಾಸಿಕ ಬರುತ್ತಿದ್ದ ದಿನ? ಹಾಳೆಗಳ ಅಂಚು ಇನ್ನೂ ಕತ್ತರಿಸಿರುತ್ತಿರಲಿಲ್ಲ. ದಂತದ ಚಾಕುವಿನಿಂದ ಬಿಡಿಸುವ ಹಕ್ಕು ನಿಮ್ಮಪ್ಪನದು. ಅವರು ಊಟ ಮುಗಿಸಿ, ಪೈಪು ಹಚ್ಚಿ, ಗಂಟಲು ಸರಿಮಾಡಿಕೊಂಡು ಮೊದಲ ಹಾಳೆಗೆ ಚಾಕು ಇಡುವವರೆಗೆ ನಮಗೆ ತಡೆಯಲಾಗುತ್ತಿರಲಿಲ್ಲ. ನೀನು ಮಡಿಕೆಯನ್ನು ಉಬ್ಬಿಸಿ ಹಿಡಿಯುತ್ತಿದ್ದೆ, ನಾನು ಒಂದು ಕಣ್ಣು ಮುಚ್ಚಿ ಒಳಗಿಣುಕಿ ಆಂಬ್ರೋಸ್ ಮಾವನ ಉತ್ತರಗಳನ್ನು ಅರ್ಧರ್ಧ ಓದುತ್ತಿದ್ದೆ. ಧಾರಾವಾಹಿಯ ನಾಯಕಿ ಸತ್ತಳೋ ಬದುಕಿದಳೋ ಯಾರಿಗೆ ಬೇಕಿತ್ತು! ನಮಗೆ ಬೇಕಾದದ್ದು ಆ ಕೊನೆಯ ಪುಟ. ಪ್ರಶ್ನೆಗಳನ್ನು ಅಚ್ಚು ಹಾಕುತ್ತಿರಲಿಲ್ಲ, ಉತ್ತರ ಮಾತ್ರ, ಅದೂ ಗುಪ್ತನಾಮಕ್ಕೆ. "ಕಣ್ಣೀರಿನ ಕನ್ನಿಕೆಗೆ: ನಿಂಬೆರಸದಿಂದ ಹೋಗುತ್ತದೆ. ಹೋಗದಿದ್ದರೆ ಅವನಿಗೂ ಅಭ್ಯಾಸವಾಗುತ್ತದೆ." ಏನು ಹೋಗುತ್ತದೆ, ಯಾರಿಗೆ ಅಭ್ಯಾಸ? ಸೇತುವೆಯ ಮೇಲೆ ಕೂತು ಲ್ಯೂಕ್ ಮುದುಕನ ದನಿ ಮಾಡಿ ಓದುತ್ತಿದ್ದ, ಪ್ರಶ್ನೆ ಏನಿತ್ತೆಂದು ನಾವಿಬ್ಬರೂ ಊಹಿಸಬೇಕು. ನಿನ್ನ ಊಹೆಗಳನ್ನು ಪಾದ್ರಿಯ ಹೆಂಡತಿ ಕೇಳಿಸಿಕೊಂಡಿದ್ದರೆ ನಿನ್ನನ್ನು ಭಾನುವಾರದ ಶಾಲೆಯಿಂದ ಓಡಿಸುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ನನ್ನನ್ನು ನಿಮ್ಮ ಪಕ್ಕದ ಮನೆಯಲ್ಲಿದ್ದ ನನ್ನ ಅತ್ತೆ ಸಾಕುತ್ತಿದ್ದಳೆಂಬುದು ಹೆಸರಿಗೆ. ನಾನು ಬೆಳೆದದ್ದು ನಿಮ್ಮ ಮೆಟ್ಟಿಲ ಮೇಲೆ, ನಿನ್ನ ಪಕ್ಕದಲ್ಲಿ.

ನಾನು ಲಂಡನ್ನಿಗೆ ಬಂದು ಪಾಟರ್ನಾಸ್ಟರ್ ರೋ ಬೀದಿಯ ಆ ಮಾಸಿಕದ ಆಫೀಸಿನಲ್ಲಿ ಹಸ್ತಪ್ರತಿಗಳನ್ನು ಶುದ್ಧವಾಗಿ ನಕಲು ಮಾಡುವ ಕೆಲಸಕ್ಕೆ ಸೇರಿದಾಗ ಮೊದಲು ಕೇಳಿದ್ದೇ, "ಆಂಬ್ರೋಸ್ ಮಾವ ಎಲ್ಲಿ ಕೂರುತ್ತಾರೆ?" ಅಂತ. ಸಂಪಾದಕ ಸ್ಟ್ಯಾನಿಫೋರ್ತ್ ಸಾಹೇಬರು ಗೋಡೆಯ ಮೇಲೆ ಮೊಳೆ ಹೊಡೆದಿದ್ದ ಒಂದು ಹಾಳೆ ತೋರಿಸಿದರು. "ಇಗೋ, ಇವರೇ."

ಹಾಳೆಯಲ್ಲಿ ಬರೆದಿತ್ತು: ವಯಸ್ಸು ಅರವತ್ತೆಂಟು, ಯಾವಾಗಲೂ ಅರವತ್ತೆಂಟು. ಹೆಂಡತಿ ತೀರಿಕೊಂಡಿದ್ದಾಳೆ. ಎಡಗಾಲಿಗೆ ವಾತ. ಒಂದು ಗಿಳಿ ಸಾಕಿದ್ದಾರೆ. ಸೌತೆಕಾಯಿ ಕಂಡರಾಗದು.

ಅಷ್ಟೇ ಕಣೆ. ಅಂಥ ಮನುಷ್ಯನೇ ಇರಲಿಲ್ಲ. ಆ ಹೊತ್ತಿಗೆ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಆಂಬ್ರೋಸ್ ಮಾವನಾಗಿ ಬರೆದಾಗಿತ್ತು. ಎರಡನೆಯವನು ಒಮ್ಮೆ ಮೈಮರೆತು ವಾತವನ್ನು ಬಲಗಾಲಿಗೆ ಬರೆದುಬಿಟ್ಟಿದ್ದನಂತೆ. ಮಾವನಿಗೆ ಈಗ ಎರಡೂ ಕಾಲೇ ಎಂದು ನಲವತ್ತು ಕಾಗದ, ಏಳು ಬಾಟಲಿ ತೈಲ ಬಂದವಂತೆ. ಮೂರನೆಯವನು ದಿನಪತ್ರಿಕೆಯೊಂದಕ್ಕೆ ಹಾರಿದಾಗ ಸ್ಟ್ಯಾನಿಫೋರ್ತ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮಿಸ್ ಫೆನ್, ಈ ಒಂದು ತಿಂಗಳು ನೀವು ಬರೀರಿ. ಆದ್ರೆ ಹೊರಗೆ ಯಾರಿಗೂ ಗೊತ್ತಾಗಬಾರದು. ನಿಮ್ಮ ಪ್ರಾಣ ಸ್ನೇಹಿತೆಗೂ."

"ಯಾಕೆ ಸಾರ್?"

"ಹೆಂಗಸು ಬರೀತಾಳೆ ಅಂತ ತಿಳಿದ್ರೆ ಗಂಡಸರು ಸಲಹೆ ಕೇಳೋದಿಲ್ಲ. ಹೆಂಗಸರಂತೂ ಮೊದಲೇ ಕೇಳೋದಿಲ್ಲ."

ಆ ಒಂದು ತಿಂಗಳು ಒಂಬತ್ತು ವರ್ಷವಾಯಿತು. ಹೌದು ಪಿಪ್ಪ, ೧೮೬೧ರಿಂದ ಎಪ್ಪತ್ತರವರೆಗೆ ನಿನ್ನ ಆಂಬ್ರೋಸ್ ಮಾವ ನಾನೇ. ನೀನು ಹೂ ಇಡಬೇಕೆಂದಿರುವ ಪುಣ್ಯಾತ್ಮ ಪ್ರತಿ ಆಗಸ್ಟಿನಲ್ಲಿ ನಿಮ್ಮ ಅಡುಗೆಮನೆಯಲ್ಲಿ ಕೂತು ನಿನ್ನ ನೆಲ್ಲಿಕಾಯಿ ಪೈ ತಿಂದು, ಸಕ್ಕರೆ ಕಡಿಮೆಯಾಯಿತು ಎಂದು ಕೊಂಕು ತೆಗೆಯುತ್ತಿದ್ದವಳು.

ಕೋಪ ಬಂತೇ? ಬರಲಿ. ಆದರೆ ಆ ದಿನಗಳನ್ನು ನೆನೆದರೆ ನನಗೆ ಈಗಲೂ ಮೈ ಬೆಚ್ಚಗಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಂಚೆಯ ಚೀಲ ಸುರಿದರೆ ಅರ್ಧ ಮಾವನಿಗೇ. ಗುಪ್ತನಾಮಗಳೆಲ್ಲ ಹೂವಿನವು, ತಿಂಗಳಿಗೆ ಹದಿನೇಳು ಜನ ವಯಲೆಟ್, ಹನ್ನೊಂದು ಜನ ಲಿಲ್ಲಿ. ಉಣ್ಣೆಯ ಚಪ್ಪಲಿ ಹೆಣೆದು ಕಳಿಸುತ್ತಿದ್ದರು, ಎಡಗಾಲಿನದು ಸ್ವಲ್ಪ ಸಡಿಲವಾಗಿ, ವಾತಕ್ಕೆ ನೋವಾಗಬಾರದೆಂದು. ಅಚ್ಚುಮನೆಯವರೆಲ್ಲರ ಕಾಲಲ್ಲೂ ಆ ಚಪ್ಪಲಿಗಳೇ, ಎಲ್ಲರೂ ಎಡಗಾಲು ಎಳೆಯುತ್ತ ನಡೆಯುತ್ತಿದ್ದರು. ಬಾತ್ ಊರಿನ ಒಬ್ಬ ವಿಧವೆ ಮದುವೆಯಾಗುವಂತೆ ಕೇಳಿ ಬರೆದಳು, ಗಿಳಿ ಇದ್ದರೂ ಪರವಾಗಿಲ್ಲವಂತೆ. ಆಮೇಲೆ ಪದ್ಯಗಳು! ಒಬ್ಬಳಿಗೆ ನಾನು ಬರೆದಿದ್ದೆ: "ಮೂರು ಚರಣದಲ್ಲಿ ನಾಲ್ಕು ಸಾವು. ಮುಂದಿನ ಪದ್ಯದಲ್ಲಿ ಒಬ್ಬರನ್ನಾದರೂ ಬದುಕಿಸಮ್ಮ." ನೀನು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆನೆಂದು ನನಗೇ ಬರೆದಿದ್ದೆ. ಆ ಕಾಗದವನ್ನು ಹಿಡಿದು ಆಫೀಸಿನಲ್ಲಿ ನಾನೊಬ್ಬಳೇ ನಕ್ಕಿದ್ದು ಯಾರಿಗೆ ಗೊತ್ತು.

ತಿಂಗಳ ಕೊನೆಯ ದಿನ ಬೀದಿಯನ್ನು ನೀನು ನೋಡಬೇಕಿತ್ತು. ಊರಿನ ಎಲ್ಲ ಮಾಸಿಕಗಳೂ ಅದೇ ದಿನ ಹೊರಬೀಳುತ್ತಿದ್ದವು. ಪುಸ್ತಕದಂಗಡಿಗಳ ಆಳುಗಳು ಚೀಲ ಹೊತ್ತು ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು, ಒದ್ದೆ ಕಾಗದದ ವಾಸನೆ ಸಂತ ಪೌಲರ ಚರ್ಚಿನ ಬಾಗಿಲವರೆಗೂ ಹರಡಿರುತ್ತಿತ್ತು. ಅಚ್ಚುಮನೆಯ ಮೇಸ್ತ್ರಿ ಡಾಗೆಟ್, ಆ ಕೆಂಪು ಗಡ್ಡದ ಆಸಾಮಿ, ಮೊದಲ ಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, "ತಗೊಳ್ಳಿ ಮಾವ, ನಿಮ್ಮ ಕೂಸು" ಎನ್ನುತ್ತಿದ್ದ. ಆ ಕಟ್ಟಡದಲ್ಲಿ ನನ್ನನ್ನು ಮಾವ ಎಂದು ಕರೆಯುವ ಧೈರ್ಯ ಅವನೊಬ್ಬನಿಗೇ ಇದ್ದದ್ದು.

ಈಗ ಒಂದು ವಿಷಯ ನಿನಗೆ ಸರಿಯಾಗಿ ತಿಳಿಯಬೇಕು. ಆ ಪುಟ ನೀವೆಲ್ಲ ಓದುವ ಏಳು ವಾರ ಮುಂಚೆ ಬರೆದದ್ದು. ಡಿಸೆಂಬರ್ ಸಂಚಿಕೆ ಅಕ್ಟೋಬರಿನಲ್ಲೇ ಜೋಡಣೆಯಾಗಿ, ಒಂದು ಗುರುವಾರ ಡಾಗೆಟ್ ಅಕ್ಷರಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದುಬಿಟ್ಟರೆ ಮುಗಿಯಿತು. ಆಮೇಲೆ ಅಚ್ಚು, ಮಡಿಕೆ, ಹೊಲಿಗೆ, ರೈಲು, ಹಡಗು. ಸ್ಕಾಟ್ಲೆಂಡಿನ ಅಂಗಡಿಗೂ ಕೆನಡಾದ ಅಂಗಡಿಗೂ ಹೋಗಬೇಕಲ್ಲ. ಗುರುತಿನವರಿಗೆ ಬೇರೆಯಾಗಿ ಕಾಗದ ಬರೆದು ತಿಳಿಸುವ ಹಾಗೂ ಇರಲಿಲ್ಲ. ಮಾವ ಯಾರಿಗೂ ಖಾಸಗಿಯಾಗಿ ಬರೆಯಕೂಡದು, ಅದು ಆಫೀಸಿನ ನಿಯಮ. ನೆಗಡಿಗೆ ಔಷಧ ಕೇಳಿದವರಿಗೆ ಮಾವನ ಕಷಾಯ ತಲುಪುವ ಹೊತ್ತಿಗೆ ನೆಗಡಿ ಹೋಗಿ ಅವರು ಮದುವೆಯಾಗಿ ಮಗುವಿನ ನೆಗಡಿಗೆ ಔಷಧ ಕೇಳುತ್ತಿದ್ದರು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನಿನ್ನ ಕಾಗದ ಬಂದದ್ದು ೧೮೬೪ರ ಸೆಪ್ಟೆಂಬರ್ ಕೊನೆಗೆ. ಮೇಲೆ ಗುಪ್ತನಾಮ "ಮುಳ್ಳುಬೇಲಿ". ವಯಲೆಟ್, ಲಿಲ್ಲಿಗಳ ನಡುವೆ ಮುಳ್ಳುಬೇಲಿ ಎಂದು ಹೆಸರಿಟ್ಟುಕೊಳ್ಳುವವಳು ಇಂಗ್ಲೆಂಡಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ ಎಂದುಕೊಂಡೇ ಒಡೆದೆ. ಪ್ರಕಟಣೆಗಲ್ಲದಿದ್ದರೂ ನಂಬಿಕೆಗಾಗಿ ಒಳಗೆ ನಿಜವಾದ ಹೆಸರು, ವಿಳಾಸ ಬರೆಯಬೇಕೆಂಬ ನಿಯಮವಿತ್ತಲ್ಲ, ನೀನು ಸಾಧುಪ್ರಾಣಿ, ಬರೆದಿದ್ದೆ. ಜೊತೆಗೆ ಕೆಳಗೊಂದು ಸಾಲು: "ನಿಮ್ಮ ಆಫೀಸಲ್ಲಿ ಮಿಸ್ ಫೆನ್ ಅಂತ ಒಬ್ಬಳಿದಾಳೆ, ದಯವಿಟ್ಟು ಅವಳಿಗೆ ಮಾತ್ರ ತೋರಿಸಬೇಡಿ ಮಾವ, ಜೀವಮಾನ ಪೂರ್ತಿ ರೇಗಿಸ್ತಾಳೆ."

ರೇಗಿಸಲಿಲ್ಲ, ನೋಡು. ಇಪ್ಪತ್ತೆಂಟು ವರ್ಷ ಬಾಯಿ ಬಿಡಲಿಲ್ಲ.

ನೀನು ಎಲ್ಲವನ್ನೂ ಬರೆದಿದ್ದೆ. ಲ್ಯೂಕ್ ನ್ಯೂಜಿಲೆಂಡಿನ ಒಟಾಗೋದ ಚಿನ್ನದ ಗಣಿಗೆ ಹೋದದ್ದು, ಮೊದಲ ಐದು ತಿಂಗಳು ವಾರಕ್ಕೊಂದು ಕಾಗದ, ಆಮೇಲೆ ಮೌನ. ಬೀಜದ ವ್ಯಾಪಾರಿ ಸೆಪ್ಟಿಮಸ್ ಆರ್ಮ್ ಮೂರು ಸಲ ಕೇಳಿದ್ದು, ನೀನು ಮೂರು ಸಲವೂ ಯೋಚಿಸಿ ಹೇಳುತ್ತೇನೆ ಅಂದದ್ದು. "ಮಾವ, ಕಾಯಬೇಡ ಅಂದ್ರೂ ಸರಿ, ಕಾಯಿ ಅಂದ್ರೂ ಸರಿ, ನೀವು ಹೇಳಿದ ಹಾಗೆ ಮಾಡ್ತೀನಿ. ನನಗೆ ಯೋಚನೆ ಮಾಡಿ ಮಾಡಿ ಸಾಕಾಗಿದೆ." ಆ ಕಾಗದದ ಮುಂದೆ ನಾನು ಎರಡು ದಿನ ಕೂತೆ. ಬೇರೆಯವರ ಹಣೆಬರಹವನ್ನು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡುತ್ತಿದ್ದವಳು ನಿನ್ನದಕ್ಕೆ ಏಳು ಹಾಳೆ ಹರಿದೆ. ಎರಡು ವರ್ಷ, ಪಿಪ್ಪ! ಅವನು ಸತ್ತಿರಬೇಕು ಅಥವಾ ಇನ್ನೊಬ್ಬಳನ್ನು ಕಟ್ಟಿಕೊಂಡಿರಬೇಕು ಎಂದೇ ನನಗೆ ತೋರಿತು. ಬೇರೆ ಯಾರು ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಕೊನೆಗೆ ಬರೆದದ್ದು ನಿನಗೆ ಗೊತ್ತೇ ಇದೆ: "ಮುಳ್ಳುಬೇಲಿಗೆ: ಮಗಳೇ, ಎರಡು ವರ್ಷ ಬಾಯಿ ಬಿಡದ ಗಂಡಸು ತನ್ನ ಉತ್ತರವನ್ನು ಆಗಲೇ ಕೊಟ್ಟಿದ್ದಾನೆ. ಕಾಯಬೇಡ. ಎದುರಿಗೆ ಬಂದು ನಿಂತವನ ಮುಖವನ್ನು ಒಮ್ಮೆ ಸರಿಯಾಗಿ ನೋಡು."

ಬರೆದಾಗ ಅದು ಪ್ರಾಮಾಣಿಕವಾದ ಉತ್ತರ. ಇದನ್ನು ನೀನು ನಂಬಬೇಕು.

ಏಪ್ರಿಲಿನಲ್ಲಿ ಈಸ್ಟರ್ ಕಳೆದ ವಾರ ನಿನ್ನ ಮದುವೆ. ನಾನು ಹೊಸ ಟೋಪಿ ಹಾಕಿಕೊಂಡು ಬಂದೆ, ನಿನ್ನ ಸೋದರತ್ತೆ ಅದರ ಮೇಲೆ ಕೂತು ಅಪ್ಪಚ್ಚಿ ಮಾಡಿದಳು. ಆಮೇಲೆ ಎಲಿನರ್, ಜೇಮ್ಸ್, ಅವಳಿಜವಳಿಗಳು. ನನ್ನನ್ನು ಡ್ರೂ ಚಿಕ್ಕಮ್ಮ ಎಂದು ಕರೆಯುವ ನಾಲ್ಕು ಬಾಯಿ. ಈ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಹನ್ನೊಂದೂವರೆ ತಿಂಗಳು ನಾನು ತಡೆದುಕೊಂಡದ್ದೇ ಆ ಆಗಸ್ಟಿನ ಹದಿನೈದು ದಿನಗಳಿಗಾಗಿ. ಅವಳಿಗಳಿಗೆ ಸಿಡುಬು ಬಂದ ವರ್ಷ ನಾವಿಬ್ಬರೂ ಸರದಿಯ ಮೇಲೆ ಅವರ ಪಕ್ಕ ಕೂತೆವಲ್ಲ, ಒಂಬತ್ತನೆಯ ದಿನ ಮಕ್ಕಳು ಎದ್ದು ಕೂತು ಗಂಜಿ ಕೇಳಿದಾಗ ನೀನು ನನ್ನ ಕುತ್ತಿಗೆ ಹಿಡಿದು, "ಡ್ರೂ, ನೀನೊಬ್ಬಳು ಇಲ್ದೆ ಇದ್ದಿದ್ರೆ ನಾನೇನಾಗ್ತಿದ್ದೆನೇ" ಎಂದೆ. ನಾನು ಮಾತು ತಿರುಗಿಸಿ ಗಂಜಿ ತರಲು ಹೋದೆ. ನೀನು ಅದನ್ನು ನಾಚಿಕೆ ಎಂದುಕೊಂಡೆ.

ಫಾರಿಂಗ್‌ಡನ್ ಮಾಸಿಕದ ಕೊನೆಯ ಸಂಚಿಕೆ ಬಂದದ್ದು ಹೋದ ಡಿಸೆಂಬರಿನಲ್ಲಿ. ಈಗಿನವರಿಗೆ ವಾರವಾರ ಬೇಕು, ಒಗಟು ಬೇಕು, ಬಹುಮಾನ ಬೇಕು, ಬರೆದವರ ಹೆಸರು ದಪ್ಪಕ್ಷರದಲ್ಲಿ ಬೇಕು. ನಮ್ಮ ಕಾಲದಲ್ಲಿ ಯಾರು ಬರೆದದ್ದೆಂದು ಯಾರೂ ಕೇಳುತ್ತಿರಲಿಲ್ಲ, ಮಾಸಿಕದ ಮಾತು ಎಂದು ಓದುತ್ತಿದ್ದರು. ಎಪ್ಪತ್ತರಲ್ಲಿ ಸ್ಟ್ಯಾನಿಫೋರ್ತ್ ಸಾಹೇಬರು ತೀರಿಕೊಂಡ ಮೇಲೆ ಬಂದ ಹೊಸ ಸಂಪಾದಕ ಆ ಕೊನೆಯ ಪುಟವನ್ನು ತೆಗೆದುಹಾಕಿ ಅಲ್ಲಿ ಸೋಪಿನ ಜಾಹೀರಾತು ಹಾಕಿದ. ಪಾಪ ಮಾವನಿಗೆ ಸಾಯುವುದಕ್ಕೂ ಎರಡು ಸಾಲು ಜಾಗ ಕೊಡಲಿಲ್ಲ. ಜನವರಿಯಲ್ಲಿ ಆಫೀಸು ಖಾಲಿ ಮಾಡುವಾಗ ನನಗೆ ಹೇಳಿಕಳಿಸಿದ್ದರು, ಹಳೆಯ ಕೆಲಸಗಾರರು ಬೇಕಾದ್ದು ಇದ್ದರೆ ಒಯ್ಯಬಹುದೆಂದು. ಹೋದೆ. ಡಾಗೆಟ್ ಕೂಡ ಬಂದಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿದೆ, ಕಿವಿ ಕೇಳಿಸದು.

"ಏನ್ ಮಾವ, ಇನ್ನೂ ಬದುಕಿದೀರಾ?" ಎಂದು ಬೀದಿಯೆಲ್ಲ ಕೇಳುವ ಹಾಗೆ ಕೂಗಿದ.

"ಅರವತ್ತೆಂಟಾಗೋವರೆಗೂ ಬಿಡಲ್ಲ ಅಂತ ಹಠ ಹಿಡಿದಿದೀನಿ" ಎಂದೆ. ಅವನಿಗೆ ಕೇಳಿಸಲಿಲ್ಲ. ಇಬ್ಬರೂ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಅವನ ಮಗಳು ಕಟ್ಟಿಕೊಟ್ಟಿದ್ದ ಹಂದಿಮಾಂಸದ ಪೈ ಹಂಚಿಕೊಂಡು ತಿಂದೆವು.

ಆದ್ದರಿಂದ ಪಿಪ್ಪ, ಸಮಾಧಿ ಹುಡುಕಬೇಡ. ಹೂವನ್ನು ನಿನ್ನ ಸೆಪ್ಟಿಮಸ್‌ಗೇ ಇಡು, ಅವನು ಅದಕ್ಕೆ ತಕ್ಕವನು. ನೀನು ಬರುವುದಾದರೆ ಚೌಕದ ಕಡೆಗೆ ಕಿಟಕಿಯಿರುವ ಕೋಣೆಯನ್ನು ಮನೆಯೊಡತಿ ಬಿಟ್ಟುಕೊಡುತ್ತಾಳೆ, ನಾನು ಮಾತಾಡಿದ್ದೇನೆ. ನಿನಗೂ ಮಕ್ಕಳಿಗೂ ಹುಟ್ಟಿದ ಕೂಸಿಗೂ ದೇವರು ಆಯುಸ್ಸು, ಆರೋಗ್ಯ ಕೊಡಲಿ. ಎಲಿನರ್‌ಗೆ ಬೇಗ ಎದ್ದು ಓಡಾಡಬೇಡ ಎಂದು ಹೇಳು. ಅವಳಿಗಳ ತಲೆ ಸವರಿದೆನೆಂದು ಹೇಳು, ಅವರಿಗೆ ಈಗ ಮೀಸೆ ಬಂದಿದ್ದರೂ ಸರಿಯೇ.

ಯಾವಾಗಲೂ ನಿನ್ನವಳೇ ಆದ,
ಡ್ರುಸಿಲಾ ಫೆನ್

ಮರೆತ ಮಾತು: ಮರೆತದ್ದಲ್ಲ, ಪಿಪ್ಪ. ನಾಲ್ಕು ತಿಂಗಳು ತಡವಾದದ್ದೇ ಇದನ್ನು ಬರೆಯಲಾರದೆ. ಮೇಲಿನದನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದೆ.

ನಿನ್ನ ಉತ್ತರ ಬರೆದಾಗಿತ್ತು, ಅಕ್ಷರ ಜೋಡಿಸಿಯೂ ಆಗಿತ್ತು. ಪುಟ ಬಿಗಿಯಬೇಕಾದ ಗುರುವಾರಕ್ಕೆ ಎರಡು ದಿನ ಮುಂಚೆ, ಮಂಗಳವಾರ, ವಸಾಹತುಗಳ ಅಂಚೆ ಬಂತು. ಅದರಲ್ಲಿ ಮಾವನಿಗೆ ಒಟಾಗೋದಿಂದ ಒಂದು ಕಾಗದ. ಗುಪ್ತನಾಮ "ದೂರದವನು". ಒಳಗೆ ನಿಯಮದಂತೆ ನಿಜವಾದ ಹೆಸರು: ಲ್ಯೂಕ್ ಹೆಸ್ಲಪ್.

ಸುರಂಗ ಕುಸಿದು ಅವನ ಬಲಗೈ ಹೋಗಿತ್ತು. ಬರೆದುಕೊಡಲು ಇನ್ನೊಬ್ಬರನ್ನು ಕೇಳುವುದಕ್ಕೆ ನಾಚಿಕೆ, ಕೈಯಿಲ್ಲದವನನ್ನು ಹುಡುಗಿ ಕನಿಕರದಿಂದ ಕಟ್ಟಿಕೊಂಡಾಳು ಎಂಬ ಭಯ. ಎಡಗೈಯಲ್ಲಿ ಬರೆಯಲು ಕಲಿಯಲು ಒಂದು ವರ್ಷ ಹಿಡಿಯಿತಂತೆ. ಅಕ್ಷರಗಳು ಮಕ್ಕಳ ಅಕ್ಷರದಂತಿದ್ದವು. "ಮಾವ, ನೇರವಾಗಿ ಅವಳಿಗೆ ಬರೆಯೋಕೆ ಮುಖವಿಲ್ಲ. ನಿಮ್ಮ ಪುಟವನ್ನ ಅವಳು ಎಲ್ಲಕ್ಕಿಂತ ಮೊದಲು ಓದ್ತಾಳೆ. ಲೌತ್‌ನಲ್ಲಿ ಒಬ್ಬಳು ಇನ್ನೂ ಕಾಯ್ತಿದ್ರೆ ಅವನು ಬದುಕಿದಾನೆ ಅಂತ ಒಂದು ಸಾಲು ಅಲ್ಲೇ ಹಾಕಿ. ಅವಳಿಗೆ ಅರ್ಥವಾಗುತ್ತೆ. ಅವಳು ಒಪ್ಪಿದ್ರೆ ಇಲ್ಲಿಗೇ ಕರೆಸ್ಕೋತೀನಿ, ಸ್ವಲ್ಪ ಜಮೀನು ಮಾಡ್ಕೊಂಡಿದೀನಿ."

ಗುರುವಾರ ಡಾಗೆಟ್ ಮೇಲೆ ಬಂದು, "ಏನಾದ್ರೂ ಬದಲಾವಣೆ ಇದೆಯಾ, ಇಲ್ಲಾ ಬಿಗೀಲಾ?" ಎಂದು ಕೇಳಿದ. ನಿನ್ನ ಉತ್ತರದ ಕೆಳಗೆ ಎರಡು ಸಾಲು ಜಾಗವಿತ್ತು. ಬಿಗೀರಿ ಎಂದೆ.

ಅಷ್ಟೇ ಆಗಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ಉತ್ತರ ಬಾರದಿದ್ದರೆ ಅವನು ನಿನಗೇ ಬರೆದುಬಿಟ್ಟಾನು ಎಂದು ಹೆದರಿ, ಮುಂದಿನ ತಿಂಗಳು ಅವನಿಗೂ ಒಂದು ಉತ್ತರ ಕೊಟ್ಟೆ. ನಿನ್ನ ಕಪಾಟಿನಲ್ಲಿರುವ ೧೮೬೫ರ ಸಂಪುಟ ತೆಗೆದು ನೋಡು, ಜನವರಿ, ಕೊನೆಯ ಪುಟ: "ದೂರದವನಿಗೆ: ನೀವು ಕೇಳಿದ ಹುಡುಗಿಗೆ ಮದುವೆಯಾಗಿದೆ. ನೆಮ್ಮದಿಯಾಗಿದ್ದಾಳೆ. ಅವಳ ಪಾಡಿಗೆ ಅವಳನ್ನು ಬಿಡಿ." ಅದನ್ನು ಬರೆದದ್ದು ನವೆಂಬರಿನ ಮಧ್ಯ. ಆಗ ನಿನ್ನ ಉತ್ತರವಿದ್ದ ಡಿಸೆಂಬರ್ ಸಂಚಿಕೆಯೇ ಇನ್ನೂ ಅಂಗಡಿಗೆ ಬಂದಿರಲಿಲ್ಲ, ಸೆಪ್ಟಿಮಸ್‌ಗೆ ನೀನು ಹೂಂ ಅಂದಿರಲಿಲ್ಲ. ಹಡಗು ಒಟಾಗೋ ಮುಟ್ಟಿ ಸಂಚಿಕೆ ಅವನ ಕೈ ಸೇರುವಷ್ಟರಲ್ಲಿ ನಿಜವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಲಿಲ್ಲ. ಅವನು ಮತ್ತೆ ಬರೆಯಲಿಲ್ಲ. ಈಗ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಆ ಜನವರಿಯಲ್ಲಿ ನೀನು ನನಗೆ ಬರೆದೆ, "ಯಾರೋ ದೂರದವನಂತೆ ಕಣೇ, ಪಾಪ, ಅವನ ಹುಡುಗಿಗೆ ಮದುವೆ ಆಗಿಬಿಟ್ಟಿದೆಯಂತೆ. ಓದಿ ಅಳುನೇ ಬಂತು" ಅಂತ.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಒಟಾಗೋಗೆ ಹಡಗಿನಲ್ಲಿ ಮೂರು ತಿಂಗಳು. ಲೌತ್‌ಗೆ ರೈಲಿನಲ್ಲಿ ಆರು ಗಂಟೆ. ನಿನ್ನನ್ನು ಬಿಟ್ಟರೆ ನನಗೆ ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಅವನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಅದು ನಿನ್ನದು. ಅವನು ನಿನ್ನನ್ನು ಮರೆತಿರಲಿಲ್ಲ ಪಿಪ್ಪ, ಒಂದು ದಿನವೂ ಮರೆತಿರಲಿಲ್ಲ.